ಮಿಯಾಟಾದೊಳಗಿನ ಬೇಡದ ಬಿಸಿ: ನೀರು, ಗಾಳಿ, ತಗಡು

ನನ್ನ ಹತ್ತಿರ 1992ರ ಮಾಜ್ದಾ ಮಿಯಾಟಾ ಇದೆ. ಎರಡೇ ಸೀಟು, ಮಡಚುವ ಬಟ್ಟೆ ಟಾಪ್, ಗುಂಡಿ ಒತ್ತಿದರೆ ಎದ್ದು ನಿಲ್ಲುವ ಹೆಡ್‌ಲೈಟು. 1989ರ ಶಿಕಾಗೋ ಆಟೋ ಶೋನಲ್ಲಿ ಮೊದಲು ಕಾಣಿಸಿಕೊಂಡ ಮಾಡೆಲ್ ಇದು. 1.6 ಲೀಟರ್ ಎಂಜಿನ್, 116 ಹಾರ್ಸ್‌ಪವರ್, ತೂಕ ಸಾವಿರ ಕೆಜಿ ಆಸುಪಾಸು. ಕಾಗದದ ಮೇಲೆ ಇದೇನು ದೊಡ್ಡ ಲೆಕ್ಕ ಅಲ್ಲ. ಆದರೆ ಇಷ್ಟು ಹಗುರ ಗಾಡಿಯಲ್ಲಿ ಆ ಪವರ್ ಧಾರಾಳ ಸಾಕು. ತಿರುವಿನಲ್ಲಿ ಸ್ಟೀರಿಂಗ್ ಹಿಡಿದವರಿಗೆ ಮಾತ್ರ ಇದರ ಮಜಾ ಗೊತ್ತು.

ನಾವಿರುವುದು ಅರಿಜೋನಾದ ಚಾಂಡ್ಲರ್‌ನಲ್ಲಿ, ಫೀನಿಕ್ಸ್ ಪಕ್ಕ. ಇಲ್ಲಿನ ಬೇಸಿಗೆ ಗೊತ್ತಿಲ್ಲದವರಿಗೆ ಒಂದು ಅಂದಾಜು ಕೊಡುತ್ತೇನೆ. 2023ರಲ್ಲಿ ಫೀನಿಕ್ಸ್‌ನ ತಾಪಮಾನ ಸತತ 31 ದಿನ 110 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತ್ತು ಇಲ್ಲವೇ ದಾಟಿತ್ತು. ಅಂದರೆ ದಿನಾ 43 ಸೆಲ್ಸಿಯಸ್‌ಗೂ ಮೇಲೆ. ಅಂಥ ಊರಲ್ಲಿ ಕಾರಿನೊಳಗೆ ಬೇಡದ ಬಿಸಿ ಬಂದರೆ ಸಹಿಸಿಕೊಳ್ಳುವ ಮಾತೇ ಇಲ್ಲ.

ಹಳೇ ಮಿಯಾಟಾದೊಳಗೆ ಸೆಕೆ ಸಹಜ ಅಂತ ಎಲ್ಲರೂ ಹೇಳುತ್ತಾರೆ. ಕ್ಯಾಬಿನ್ ಚಿಕ್ಕದು. ಮೊಣಕಾಲಿನ ಪಕ್ಕದಲ್ಲೇ ಗೇರ್ ಬಾಕ್ಸ್. ಕೂತ ಜಾಗದ ಕೆಳಗಿನಿಂದಲೇ ಸೈಲೆನ್ಸರ್ ಪೈಪ್ ಹೋಗುತ್ತದೆ. ಒಂದಿಷ್ಟು ಬಿಸಿ ಇದ್ದೇ ಇರುತ್ತದೆ, ನಿಜ. ಆದರೆ ನನ್ನ ಕಾರಲ್ಲಿ ಇದ್ದದ್ದು ಆ ಒಂದಿಷ್ಟು ಅಲ್ಲ. ಹೀಟರ್ ಲಿವರ್ ಪೂರ್ತಿ ನೀಲಿ ಕಡೆ ಇದ್ದರೂ ಪಾದದ ಮೇಲೆ ಬಿಸಿಗಾಳಿ. ಗೇರ್ ರಾಡಿನ ಗುಂಡು ಮುಟ್ಟಿದರೆ ಚುರ್ ಅನ್ನುತ್ತಿತ್ತು. ಎಸಿ ಹಾಕಿದರೆ ತಣ್ಣನೆ ಗಾಳಿ ಬರುವ ಬದಲು ಏನೋ ಒಂದು ಸಪ್ಪೆ ಗಾಳಿ. "ರೀ, ನನ್ನ ಕಾಲು ಬೇಯ್ತಾ ಇದೆ. ಇದೇ ಥರ ಆದ್ರೆ ನಾನು ಈ ಕಾರು ಹತ್ತಲ್ಲ" ಅಂದಳು ನನ್ನ ಹೆಂಡತಿ. ಅವಳಿಗೂ ಈ ಕಾರೆಂದರೆ ಪ್ರಾಣ. ಹಾಗಾಗಿ ಆ ಮಾತು ನಾಟಿತು.

ಇಲ್ಲಿನ ಒಂದು ಗ್ಯಾರೇಜಿನವರು ನೋಡಿ, ಎಸಿ ಕಂಪ್ರೆಸರ್ ಸುಸ್ತಾಗಿದೆ, ಇಡೀ ಎಸಿ ಬದಲಾಯಿಸಬೇಕು ಎಂದರು. ಕಾರಿನ ಬೆಲೆಯ ಅರ್ಧದಷ್ಟು ಖರ್ಚು ಹೇಳಿದರು. ಮಿಯಾಟಾ ಇಟ್ಟುಕೊಂಡಿರುವ ಗೆಳೆಯರೊಬ್ಬರು, ಕಾರ್ಪೆಟ್ ಎತ್ತಿ ಕೆಳಗೆಲ್ಲ ಬೆಳ್ಳಿ ಬಣ್ಣದ ಇನ್ಸುಲೇಶನ್ ಮ್ಯಾಟ್ ಅಂಟಿಸಿಬಿಡಿ, ಎಲ್ಲ ಸರಿಹೋಗುತ್ತದೆ ಎಂದರು. ಎರಡಕ್ಕೂ ನಾನು ಒಪ್ಪಲಿಲ್ಲ. ಬಿಸಿ ಎಲ್ಲಿಂದ ಬರುತ್ತಿದೆ ಅಂತ ಗೊತ್ತಿಲ್ಲದೆ ಮ್ಯಾಟ್ ಹಾಕುವುದು ಸೋರುವ ಹೆಂಚಿನ ಕೆಳಗೆ ಬಕೆಟ್ ಇಟ್ಟ ಹಾಗೆ. ಅದೂ ಅಲ್ಲದೆ ಮ್ಯಾಟ್ ಅಂಟಿಸಿದ ಮೇಲೆ ಕೆಳಗಿನ ತೂತು, ಹರಿದ ರಬ್ಬರು ಕಣ್ಣಿಗೇ ಬೀಳುವುದಿಲ್ಲ.

ಬಿಸಿ ಒಳಗೆ ಬರುವುದಕ್ಕೆ ಇರುವುದು ಮೂರೇ ದಾರಿ. ಒಂದು, ಎಂಜಿನ್ನಿನ ಬಿಸಿ ನೀರು ಡ್ಯಾಶ್‌ಬೋರ್ಡ್ ಒಳಗಿನ ಹೀಟರಿಗೆ ಬಂದು ಹೋಗುವ ದಾರಿ. ಎರಡು, ತೂತು ಸಂದುಗಳಿಂದ ನುಗ್ಗುವ ಬಿಸಿಗಾಳಿ. ಮೂರು, ಸೈಲೆನ್ಸರಿನ ಶಾಖಕ್ಕೆ ಕಾದ ತಗಡು. ಯಾವ ದಾರಿಯಿಂದ ಎಷ್ಟು ಬರುತ್ತಿದೆ ಅಂತ ಬೇರೆ ಬೇರೆಯಾಗಿ ತಿಳಿಯುವುದೇ ಇಲ್ಲಿ ನಿಜವಾದ ಕೆಲಸ. ರಿಪೇರಿ ಅಷ್ಟೇನೂ ಕಷ್ಟ ಅಲ್ಲ.

ಅದಕ್ಕೆ ಒಂದು ಸುಲಭದ ಸುಳಿವು ಇದೆ, ಸಮಯ. ಎಂಜಿನ್ ಪೂರ್ತಿ ತಣ್ಣಗಿರುವಾಗ ಬೆಳಿಗ್ಗೆ ಸ್ಟಾರ್ಟ್ ಮಾಡಿ ಹೊರಡಬೇಕು. ಬಿಸಿ ಯಾವಾಗ ಶುರುವಾಗುತ್ತದೆ ನೋಡಬೇಕು. ನೀರು ಬೇಗ ಕಾಯುತ್ತದೆ. ನೀರು ಕಾದ ಮೇಲೆ ಅದನ್ನು ರೇಡಿಯೇಟರಿಗೆ ಬಿಡುವ ಥರ್ಮೋಸ್ಟಾಟ್ ಈ ಎಂಜಿನ್ನಿನಲ್ಲಿ ತೆರೆಯುವುದು ಸುಮಾರು 88 ಡಿಗ್ರಿಗೆ (ಇಲ್ಲಿಂದ ಮುಂದೆ ಬಿಸಿಯ ಲೆಕ್ಕ ಎಲ್ಲ ಸೆಲ್ಸಿಯಸ್). ನಾಲ್ಕೈದು ಮೈಲಿ ಹೋಗುವಷ್ಟರಲ್ಲಿ ನೀರು ಅಲ್ಲಿಗೆ ಮುಟ್ಟಿರುತ್ತದೆ. ಮೀಟರಿನ ಮುಳ್ಳು ಏರಿದ ಜೊತೆಜೊತೆಗೇ ಗಾಳಿಯೂ ಬಿಸಿಯಾದರೆ ಅದು ಹೀಟರ್. ಗೇರ್ ಬಾಕ್ಸ್ ಮತ್ತು ಅದರ ಮೇಲಿನ ತಗಡು ಕಾಯುವುದಕ್ಕೆ ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಆಮೇಲೆ ಶುರುವಾಗುವ ಬಿಸಿ ಕೆಳಗಿನದು. ಹೆದ್ದಾರಿಯಲ್ಲಿ ಇಲ್ಲದೆ ಸಿಗ್ನಲ್‌ನಲ್ಲಿ ನಿಂತಾಗ ಮಾತ್ರ ಬಂದರೆ ಬಾನೆಟ್ ಕಡೆಯಿಂದ ಅಂತ ಅರ್ಥ.

ನನ್ನ ಕಾರಲ್ಲಿ ಮೂರೂ ಬಂತು. ಮೊದಲು ಗಾಳಿ, ಆಮೇಲೆ ಗೇರ್ ರಾಡು, ನಡುನಡುವೆ ಸಿಗ್ನಲ್ ಬಂದಾಗಲೆಲ್ಲ ಇನ್ನೊಂದಿಷ್ಟು. ಅಂದರೆ ಒಂದೇ ಕಳ್ಳ ಅಲ್ಲ, ಮೂವರು ಇದ್ದಾರೆ ಅಂತ ಆವತ್ತೇ ಗೊತ್ತಾಯಿತು.

ಮೊದಲು ನೀರನ್ನು ಹಿಡಿದೆ. ಎಷ್ಟೋ ಕಾರುಗಳಲ್ಲಿ ಹೀಟರಿಗೆ ಹೋಗುವ ಪೈಪಿಗೆ ಒಂದು ವಾಲ್ವ್ ಇರುತ್ತದೆ. ಹೀಟರ್ ಬೇಡ ಅಂದರೆ ನೀರೇ ನಿಲ್ಲುತ್ತದೆ. ಈ ಮಿಯಾಟಾದಲ್ಲಿ ಆ ವಾಲ್ವ್ ಇಲ್ಲ. ಎಂಜಿನ್ ಓಡುತ್ತಿರುವಷ್ಟು ಹೊತ್ತೂ, ಜುಲೈನ ಮಟಮಟ ಮಧ್ಯಾಹ್ನದಲ್ಲೂ, ಕುದಿಯುವ ನೀರು ಡ್ಯಾಶ್‌ಬೋರ್ಡ್ ಒಳಗೆ ಸುತ್ತುತ್ತಲೇ ಇರುತ್ತದೆ. ಆ ಶಾಖವನ್ನು ತಡೆಯುವುದು ಒಳಗಿನ ಒಂದು ಫ್ಲಾಪ್ ಮಾತ್ರ. ನಾವು ಲಿವರನ್ನು ನೀಲಿ ಕಡೆ ಎಳೆದರೆ ಒಂದು ತಂತಿ ಕೇಬಲ್ ಆ ಫ್ಲಾಪನ್ನು ಮುಚ್ಚುತ್ತದೆ. ಗಾಳಿ ಹೀಟರನ್ನು ಬಿಟ್ಟು ಪಕ್ಕದಿಂದ ಹೋಗುತ್ತದೆ. ಫ್ಲಾಪ್ ಸರಿಯಾಗಿ ಕೂರಲಿಲ್ಲ ಅಂದರೆ ಕಥೆ ಮುಗಿಯಿತು.

ಎಸಿಯ ಗುಟ್ಟೂ ಇಲ್ಲೇ ಇದೆ. ಗಾಳಿ ಮೊದಲು ಎಸಿಯ ಎವಾಪೊರೇಟರ್ ದಾಟಿ ತಣ್ಣಗಾಗುತ್ತದೆ. ಆಮೇಲೆ ಹೀಟರ್ ಪೆಟ್ಟಿಗೆಗೆ ಬರುತ್ತದೆ. ಫ್ಲಾಪ್ ಸೋರುತ್ತಿದ್ದರೆ, ಅಷ್ಟು ಕಷ್ಟಪಟ್ಟು ತಣ್ಣಗೆ ಮಾಡಿದ ಗಾಳಿ ಅಲ್ಲೇ ಮತ್ತೆ ಕಾಯುತ್ತದೆ. ಪರೀಕ್ಷೆ ಮಾಡುವುದು ಸುಲಭ. ಎಸಿ ಹಾಕಿ ಸ್ವಲ್ಪ ಹೊತ್ತು ಬಿಟ್ಟು, ಬಾನೆಟ್ ಎತ್ತಿ, ಫೈರ್‌ವಾಲಿನಿಂದ (ಎಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ತಗಡಿನ ಗೋಡೆ) ವಾಪಸ್ ಬರುವ ದಪ್ಪ ಎಸಿ ಪೈಪನ್ನು ಮುಟ್ಟಿ ನೋಡಿದೆ. ಕೈ ಕೊರೆಯುವಷ್ಟು ತಣ್ಣಗಿತ್ತು. ಒಳಗೆ ಮಾತ್ರ ಗಾಳಿ 19 ಡಿಗ್ರಿ. ಕಂಪ್ರೆಸರ್ ತನ್ನ ಕೆಲಸ ಮಾಡುತ್ತಿದೆ, ಯಾರೋ ಅದನ್ನು ಕೆಡಿಸುತ್ತಿದ್ದಾರೆ ಅಂತ ಖಾತ್ರಿಯಾಯಿತು.

ಮುಂದೆ ಅಳತೆ. ಅಡುಗೆಗೆ ಬಳಸುವ ಚೂಪು ತುದಿಯ ಡಿಜಿಟಲ್ ಥರ್ಮಾಮೀಟರನ್ನು ಡ್ಯಾಶ್‌ಬೋರ್ಡಿನ ಗಾಳಿಕಿಂಡಿಗೆ ಸಿಕ್ಕಿಸಿದೆ. ಎಸಿ ಆಫ್, ಬ್ಲೋವರ್ ಮಧ್ಯಮ, ಲಿವರ್ ನೀಲಿ ಕಡೆ. ಹೊರಗೆ 32 ಡಿಗ್ರಿ ಇದ್ದ ಸಂಜೆ ಕಿಂಡಿಯಲ್ಲಿ ಬಂದದ್ದು 47. ಹದಿನೈದು ಡಿಗ್ರಿ ಎಲ್ಲಿಂದಲೋ ಸೇರಿಕೊಳ್ಳುತ್ತಿದೆ. ಆಮೇಲೆ ಎಂಜಿನ್ ಆರಿಸಿ, ತಣ್ಣಗಾಗಲು ಬಿಟ್ಟು, ಫೈರ್‌ವಾಲಿಗೆ ಹೋಗುವ ಹೀಟರ್ ಹೋಸನ್ನು ಅದಕ್ಕೆಂದೇ ಸಿಗುವ ನುಣುಪು ದವಡೆಯ ಕ್ಲ್ಯಾಂಪಿನಿಂದ ಅದುಮಿದೆ. ಸಾಮಾನ್ಯ ಇಕ್ಕಳ ಹಾಕಬಾರದು, ಹಳೇ ರಬ್ಬರ್ ಸೀಳಿಬಿಡುತ್ತದೆ. ಮತ್ತೆ ಸ್ಟಾರ್ಟ್ ಮಾಡಿ, ಎಂಜಿನ್ ಕಾದ ಮೇಲೆ ನೋಡಿದರೆ ಕಿಂಡಿಯಲ್ಲಿ 35. ಹದಿನೈದರಲ್ಲಿ ಹನ್ನೆರಡು ಡಿಗ್ರಿ ನೀರಿನ ದಾರಿಯದ್ದೇ!

ಹೋಸ್ ಹಿಡಿದ ಕೈಗೆ ಎಣ್ಣೆ ಮೆತ್ತಿತು. ಇದನ್ನು ಈ ಎಂಜಿನ್ ಇಟ್ಟುಕೊಂಡ ಎಲ್ಲರೂ ಗಮನಿಸಬೇಕು. ಎಂಜಿನ್ ತಲೆಯ ಹಿಂಭಾಗದಲ್ಲಿ ಕ್ಯಾಮ್ ಆಂಗಲ್ ಸೆನ್ಸರ್ ಇದೆ, ಕಿಡಿ ಯಾವಾಗ ಬೀಳಬೇಕು ಅಂತ ತಿಳಿಯುವುದು ಇದರಿಂದಲೇ. ಅದರ ಓ-ರಿಂಗ್, ಅಂದರೆ ಎಣ್ಣೆ ತಡೆಯುವ ರಬ್ಬರ್ ಬಳೆ, ವಯಸ್ಸಾದಂತೆ ಗಟ್ಟಿಯಾಗಿ ಎಣ್ಣೆ ಜಿನುಗುತ್ತದೆ. ಅದು ತೊಟ್ಟಿಕ್ಕುವುದು ನೇರ ಹೀಟರ್ ಹೋಸಿನ ಮೇಲೆ. ಎಣ್ಣೆ ಕುಡಿದ ರಬ್ಬರು ಉಬ್ಬಿ ಮೆತ್ತಗಾಗುತ್ತದೆ, ಒಂದು ದಿನ ಒಡೆಯುತ್ತದೆ. ನೀರು ಹೋದರೆ ಅಲ್ಯೂಮಿನಿಯಂ ಸಿಲಿಂಡರ್ ಹೆಡ್ ಸೊಟ್ಟಗಾಗಲು ತುಂಬಾ ಹೊತ್ತು ಬೇಡ. ಮರುಭೂಮಿಯ ಹೆದ್ದಾರಿಯಲ್ಲಿ ಅದಾಗಿದ್ದರೆ ಏನು ಗತಿ? ಸೆಕೆ ಹುಡುಕಲು ಹೋಗಿ ಇದು ಕಣ್ಣಿಗೆ ಬಿದ್ದದ್ದು ನಮ್ಮ ಪುಣ್ಯ. ಓ-ರಿಂಗ್ ಬೆಲೆ ಒಂದು ಕಾಫಿಗಿಂತ ಕಡಿಮೆ. ಅದರ ಜೊತೆಗೇ ಎರಡೂ ಹೋಸ್ ಹೊಸದು ಹಾಕಿದೆ.

ಸೆನ್ಸರ್ ಬಿಚ್ಚಿದ ಮೇಲೆ ಟೈಮಿಂಗ್, ಅಂದರೆ ಕಿಡಿ ಬೀಳುವ ಸಮಯ, ಹೇಗಿದ್ದರೂ ಹೊಸದಾಗಿ ಇಡಬೇಕು. ಬಿಚ್ಚುವ ಮುಂಚೆಯೇ ಟೈಮಿಂಗ್ ಲೈಟ್ ಹಿಡಿದು ನೋಡಿದ್ದೆ. 10 ಡಿಗ್ರಿ ಇರಬೇಕಾದ ಕಡೆ ಐದೂ ಇರಲಿಲ್ಲ (ಇದು ಬಿಸಿಯ ಡಿಗ್ರಿ ಅಲ್ಲ, ಎಂಜಿನ್ ತಿರುಗುವ ಕೋನದ್ದು). ಮುಂಚೆ ಯಾರೋ ಸೆನ್ಸರ್ ಬಿಚ್ಚಿ ಅಂದಾಜಿಗೆ ಕೂರಿಸಿದ್ದಾರೆ. ಕಿಡಿ ತಡವಾಗಿ ಬಿದ್ದರೆ ಪೆಟ್ರೋಲ್ ತಡವಾಗಿ ಉರಿಯುತ್ತದೆ. ಆ ಶಾಖ ಪಿಸ್ಟನ್ ತಳ್ಳುವ ಬದಲು ಸೈಲೆನ್ಸರ್ ಪೈಪಿಗೆ ಹೋಗುತ್ತದೆ. ಅಂದರೆ ನಮ್ಮ ಸೀಟಿನ ಕೆಳಗೆ. ಡಯಾಗ್ನೋಸ್ಟಿಕ್ ಪೆಟ್ಟಿಗೆಯಲ್ಲಿ ಟೆನ್ ಮತ್ತು ಗ್ರೌಂಡ್ ಅಂತ ಬರೆದಿರುವ ಎರಡು ತೂತುಗಳನ್ನು ಒಂದು ವೈರಿನಿಂದ ಸೇರಿಸಿ, ಐಡ್ಲಿಂಗ್ ನಿಮಿಷಕ್ಕೆ 850 ಸುತ್ತಿಗೆ ತಂದು, ಸೆನ್ಸರನ್ನು ಕೂದಲೆಳೆಯಷ್ಟು ತಿರುಗಿಸುತ್ತಾ 10ಕ್ಕೆ ನಿಲ್ಲಿಸಿದೆ. ಎಂಜಿನ್ನಿನ ದನಿಯೇ ಬದಲಾಯಿತು.

ಈಗ ಫ್ಲಾಪು. ಡ್ಯಾಶ್‌ಬೋರ್ಡ್ ಕೆಳಗೆ ಅಂಗಾತ ಮಲಗಿ ಟಾರ್ಚ್ ಬಿಟ್ಟರೆ ಹೀಟರ್ ಪೆಟ್ಟಿಗೆಯ ಪಕ್ಕದಲ್ಲಿ ಒಂದು ಪ್ಲಾಸ್ಟಿಕ್ ತೋಳು, ಅದಕ್ಕೆ ಸಿಕ್ಕಿಸಿದ ತಂತಿ ಕಾಣುತ್ತದೆ. ಹೆಂಡತಿ ಮೇಲೆ ಕೂತು ಲಿವರ್ ಎಳೆದಳು. ನಾನು ಕೆಳಗಿನಿಂದ ನೋಡಿದೆ. ಲಿವರ್ ನೀಲಿಯ ತುದಿಗೆ ಮುಟ್ಟಿದರೂ ತೋಳು ಇನ್ನೂ ಒಂದು ಬೆರಳಗಲ ದೂರದಲ್ಲೇ ನಿಂತಿತ್ತು. "ಪೂರ್ತಿ ಎಳೆದ್ಯಾ?" ಅಂದರೆ, "ಇನ್ನೆಲ್ಲಿಗೆ ಎಳೀಲಿ, ಕಿತ್ತೇ ಬರುತ್ತೆ ಅಷ್ಟೇ" ಅಂದಳು. ತೋಳನ್ನು ಕೈಯಿಂದ ತಳ್ಳಿದರೆ ಉಳಿದ ದೂರವನ್ನೂ ಹೋಯಿತು. ಕೇಬಲಿನ ಹೊರ ಕವಚ ತನ್ನ ಕ್ಲಿಪ್ಪಿನಲ್ಲಿ ಜಾರಿತ್ತು. ಕ್ಲಿಪ್ ಬಿಚ್ಚಿ, ಲಿವರ್ ಪೂರ್ತಿ ತಣ್ಣನೆ ತುದಿಯಲ್ಲಿಟ್ಟು, ತೋಳನ್ನು ಪೂರ್ತಿ ಮುಚ್ಚಿದ ಕಡೆ ಹಿಡಿದು, ಆಮೇಲೆ ಕವಚವನ್ನು ಕ್ಲಿಪ್ಪಿಗೆ ಕೂರಿಸಬೇಕು. ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ಕಿಂಡಿಯ ಗಾಳಿ 47ರಿಂದ 40ಕ್ಕೆ ಇಳಿಯಿತು.

ಆದರೆ ಹೋಸ್ ಅದುಮಿದಾಗ 35 ಬಂದಿತ್ತಲ್ಲ? ಉಳಿದ ಐದು ಡಿಗ್ರಿಗೆ ಕಾರಣವೂ ಸಿಕ್ಕಿತು. ಬ್ಲೋವರ್ ಜೋರು ಮಾಡಿದಾಗ ಕಿಂಡಿಯಿಂದ ಕಪ್ಪು ಪುಡಿ ಹಾರಿ ಅಂಗಿಯ ಮೇಲೆ ಬೀಳುತ್ತಿತ್ತು. ಬೆರಳಲ್ಲಿ ಉಜ್ಜಿದರೆ ಅಂಟಂಟು. ಅದು ಫ್ಲಾಪಿನ ಅಂಚಿನ ಫೋಮ್. ಮೂವತ್ತು ವರ್ಷದಲ್ಲಿ ಹಪ್ಪಳವಾಗಿ ಉದುರುತ್ತಿದೆ. ಫ್ಲಾಪ್ ಮುಚ್ಚಿಕೊಂಡರೂ ಅಂಚಿನಲ್ಲಿ ಸಂದು ಉಳಿಯುತ್ತದೆ. ಅದನ್ನು ಸರಿಮಾಡಲು ಡ್ಯಾಶ್‌ಬೋರ್ಡ್ ಪೂರ್ತಿ ಕಳಚಬೇಕು. ಹಳೇ ಪ್ಲಾಸ್ಟಿಕ್, ಬಿಸಿಲಿಗೆ ಒಣಗಿದ್ದು. ಮುಟ್ಟಿದರೆ ಕ್ಲಿಪ್ಪುಗಳು ಮುರಿಯುತ್ತವೆ. ಅದನ್ನು ಸದ್ಯಕ್ಕೆ ಬಿಟ್ಟು ನೀರನ್ನೇ ತಡೆಯುವುದು ಅಂತ ತೀರ್ಮಾನ ಮಾಡಿದೆ.

ನೀರು ತಡೆಯುವುದರಲ್ಲೂ ಒಂದು ಸೂಕ್ಷ್ಮ ಇದೆ. ಹೀಟರ್ ಹೋಸಿಗೆ ಸುಮ್ನೆ ಒಂದು ನಲ್ಲಿ ಹಾಕಿ ಮುಚ್ಚಿಬಿಡುವವರಿದ್ದಾರೆ. ನನಗೆ ಅದು ಸರಿ ಕಾಣಲಿಲ್ಲ. ಈ ಎಂಜಿನ್ನಿನ ಥರ್ಮೋಸ್ಟಾಟ್ ಇರುವುದು ಮುಂಭಾಗದಲ್ಲಿ. ಹಿಂದಿನ ಸಿಲಿಂಡರಿನ ಕಡೆಯಿಂದ ಬಿಸಿ ನೀರು ಹೊರಗೆ ಹೋಗಲು ಇರುವ ದಾರಿಯೇ ಹೀಟರ್ ಹೋಸು. ಅದನ್ನು ಕಟ್ಟಿದರೆ ನಾಲ್ಕನೇ ಸಿಲಿಂಡರ್ ಸುತ್ತ ಬಿಸಿ ಜಾಸ್ತಿಯಾಗುತ್ತದೆ. ನಮ್ಮ ಕಾಲು ತಂಪಾಗಲು ಎಂಜಿನ್ ಬೇಯಬೇಕಾ? ಅದಕ್ಕೆ ನಾಲ್ಕು ಬಾಯಿಯ ವಾಲ್ವ್ ಸಿಗುತ್ತದೆ. ಎರಡು ಬಾಯಿ ಎಂಜಿನ್ ಕಡೆಗೆ, ಎರಡು ಹೀಟರ್ ಕಡೆಗೆ. ಮುಚ್ಚಿದಾಗ ನೀರು ನಿಲ್ಲುವುದಿಲ್ಲ, ಹೀಟರಿಗೆ ಹೋಗದೆ ವಾಲ್ವಿನೊಳಗೇ ತಿರುಗಿ ಎಂಜಿನ್ನಿಗೆ ವಾಪಸ್ ಹೋಗುತ್ತದೆ. ಕೈಯಿಂದ ತಿರುಗಿಸುವಂಥದ್ದನ್ನೇ ಹಾಕಿದೆ. ಬೇಸಿಗೆ ಶುರುವಾದಾಗ ಮುಚ್ಚುವುದು, ಡಿಸೆಂಬರಿನಲ್ಲಿ ಫ್ಲಾಗ್‌ಸ್ಟಾಫಿನ ಹಿಮ ನೋಡಲು ಹೋಗುವಾಗ ತೆರೆಯುವುದು.

ಇಷ್ಟಾದರೂ ಗೇರ್ ರಾಡ್ ಕಾಯುತ್ತಲೇ ಇತ್ತು. ಅದು ಬೇರೆ ದಾರಿ.

ಅಪ್ಪ ಹಾಸನದಲ್ಲಿ ಸರ್ಕಾರಿ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು. ಈಗ ರಿಟೈರ್ ಆಗಿದ್ದಾರೆ. ವಿಡಿಯೋ ಕಾಲಿನಲ್ಲಿ ಕಾರು ತೋರಿಸಿ ಎಲ್ಲ ವಿವರಿಸಿದೆ. ಅವರು ಮಿಯಾಟಾ ನೋಡಿದ್ದೇ ಫೋನಿನಲ್ಲಿ. ಆದರೆ ಎರಡೇ ಪ್ರಶ್ನೆಗೆ ಜಾಗಕ್ಕೆ ಬಂದರು.

"ಗೇರ್ ಗುಂಡು ಕಾಯ್ತದೆ ಅಂದ್ಯಲ್ಲ, ರಾಡ್ ಬುಡದಲ್ಲಿ ರಬ್ಬರ್ ನೋಡಿದ್ಯೇನೋ?"

"ಮೇಲೆ ಲೆದರ್ ಚೆನ್ನಾಗೇ ಇದೆ ಅಪ್ಪ."

"ಲೆದರ್ ಶೋಕಿಗೆ ಕಣೋ. ಅದರ ಕೆಳಗೆ ಏನೈತೆ ನೋಡು. ನಮ್ಮಲ್ಲಿ ಡ್ರೈವರ್‌ಗಳು ಕಾಲು ಸುಡ್ತದೆ ಅಂತ ಬಂದ್ರೆ ನಾವು ಮೊದಲು ನೋಡ್ತಿದ್ದಿದ್ದೇ ಅದು. ಎಂಜಿನ್ ಕವರಿನ ಅಂಚು, ಗೇರ್ ರಾಡಿನ ಬೂಟು. ಬೆರಳು ತೂರುವಷ್ಟು ಸಂದಿದ್ರೆ ಸಾಕು, ಇಡೀ ಕ್ಯಾಬಿನ್ ಕಾಯ್ತದೆ."

ಎಂಜಿನ್ ಡ್ರೈವರ್ ಪಕ್ಕದಲ್ಲೇ ಇರುತ್ತಿದ್ದ ಆ ಹಳೇ ಬಸ್ಸುಗಳು ನನಗೂ ನೆನಪಿವೆ. ರೆಕ್ಸಿನ್ ಹೊದಿಸಿದ ಆ ಎಂಜಿನ್ ಕವರಿನ ಮೇಲೆ ಜನ ಕೂರುತ್ತಿದ್ದರು. ಚಳಿಗಾಲದ ಬೆಳಿಗ್ಗೆ ಅದಕ್ಕೇ ಪೈಪೋಟಿ.

ಅಪ್ಪನ ಮಾತು ಖಚಿತ ಮಾಡಿಕೊಳ್ಳಲು ಊದುಬತ್ತಿ ಹಚ್ಚಿದೆ. ಕಿಟಕಿ ಏರಿಸಿ, ಟಾಪ್ ಮುಚ್ಚಿ, ಹೊರಗಾಳಿ ಒಳಗೆ ಬರುವಂತೆ ಲಿವರ್ ಇಟ್ಟು ಬ್ಲೋವರನ್ನು ಜೋರು ಮಾಡಿದರೆ ಕ್ಯಾಬಿನ್ ಒಳಗೆ ಒತ್ತಡ ಏರುತ್ತದೆ. ಎಲ್ಲಿ ಸಂದಿದೆಯೋ ಅಲ್ಲಿಂದ ಗಾಳಿ ಹೊರಗೆ ನುಗ್ಗುತ್ತದೆ. ಊದುಬತ್ತಿಯನ್ನು ಲೆದರಿನ ಬುಡದ ಸುತ್ತ ನಿಧಾನಕ್ಕೆ ಆಡಿಸಿದೆ. ಒಂದು ಕಡೆ ಹೊಗೆ ನೆಟ್ಟಗೆ ಮೇಲೇಳುವುದು ಬಿಟ್ಟು ಬಾಗಿ, ಎಳೆಯಾಗಿ, ಲೆದರಿನ ಮಡಿಕೆಯೊಳಗೆ ಇಳಿದು ಹೋಯಿತು. ಓಡುವಾಗ ಇದು ಉಲ್ಟಾ ಆಗುತ್ತದೆ. ಟಾಪ್ ತೆಗೆದು ಸ್ಪೀಡಾಗಿ ಹೋಗುವಾಗ ಕ್ಯಾಬಿನ್ನಿನ ಒತ್ತಡ ಕೆಳಗಿನದ್ದಕ್ಕಿಂತ ಕಡಿಮೆ. ಗೇರ್ ಬಾಕ್ಸಿನ ಸುತ್ತಲಿನ ಬಿಸಿಗಾಳಿಯನ್ನು ಅದೇ ಸಂದು ಮೇಲಕ್ಕೆ ಹೀರುತ್ತದೆ. ಟಾಪ್ ತೆಗೆದರೆ ಕಾಲಿಗೆ ಇನ್ನೂ ಜಾಸ್ತಿ ಬಿಸಿ ಅಂತ ಹೆಂಡತಿ ಹೇಳುತ್ತಿದ್ದದ್ದು ಅಕ್ಷರಶಃ ನಿಜ.

ಗುಂಡು ತಿರುಗಿಸಿ ತೆಗೆದು, ಮಧ್ಯದ ಕನ್ಸೋಲ್ ಬಿಚ್ಚಿದೆ. ಲೆದರಿನ ಕೆಳಗೆ ದಪ್ಪನೆಯ ಒಂದು ರಬ್ಬರ್ ಬೂಟು, ಅಂದರೆ ರಾಡಿನ ಬುಡವನ್ನು ಮುಚ್ಚುವ ರಬ್ಬರ್ ಕವಚ. ಅದರ ಕೆಳಗೆ ಗೇರ್ ಬಾಕ್ಸಿನ ಬಾಯಿಗೇ ಕೂರುವ ಇನ್ನೊಂದು ಚಿಕ್ಕ ಬೂಟು. ದೊಡ್ಡದು ಕತ್ತಿನ ಸುತ್ತ ಮುಕ್ಕಾಲು ಭಾಗ ಹರಿದಿತ್ತು. ರಾಡನ್ನು ನಾಲ್ಕನೇ ಗೇರಿಗೆ ಎಳೆದರೆ ಹರುಕು ಬಾಯಿ ಬಿಟ್ಟು ಕೆಳಗಿನ ಸಿಮೆಂಟ್ ನೆಲ ಕಾಣುತ್ತಿತ್ತು. ಚಿಕ್ಕದು ಕೈ ಹಾಕಿದರೆ ಚೂರು ಚೂರಾಗಿ ಬಂತು. ಆ ಬಾಯೊಳಗೆ ಬೇರೆಯಾಗಿ ಗೇರ್ ಆಯಿಲ್ ಇರಬೇಕು, ಸುಮಾರು 90 ಮಿಲಿಲೀಟರ್. ನನ್ನದರಲ್ಲಿ ತಳದಲ್ಲಿ ಕರಿ ರಾಡಿಯಷ್ಟೇ ಇತ್ತು. ಚೂರುಗಳು ಒಳಗೆ ಬೀಳದಂತೆ ಒರೆಸಿ ತೆಗೆದು, ಹೊಸ ಎಣ್ಣೆ ತುಂಬಿ, ಎರಡೂ ಬೂಟು ಹೊಸದು ಹಾಕಿದೆ. ಮೂರನೇ ಗೇರಿಗೆ ಹಾಕುವಾಗ ಆಗುತ್ತಿದ್ದ ಕಟಕಟ ಕೂಡ ನಿಂತಿತು.

ಒಂದು ವಿಷಯ ಒತ್ತಿ ಹೇಳಬೇಕು. ಬಿಸಿಗಾಳಿ ಬರುವ ತೂತಿನಿಂದ ಸೈಲೆನ್ಸರಿನ ಹೊಗೆಯೂ ಬರಬಹುದು. ಕೆಳಗೆ ಎಲ್ಲಾದರೂ ಒಂದು ಗ್ಯಾಸ್ಕೆಟ್ ಸೋರಿದರೆ ಕಾರ್ಬನ್ ಮೊನಾಕ್ಸೈಡ್ ನೇರ ನಮ್ಮ ಮೂಗಿಗೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ತಲೆ ಭಾರ ಆದರೆ ಬಿಸಿಲಿಗೆ ಅಂದುಕೊಳ್ಳುತ್ತೇವೆ. ಹಾಗಾಗಿ ಕಾಲು ಸುಡುವುದನ್ನು ಬರೀ ಸೆಕೆ ಅಂತ ಬಿಡಬೇಡಿ. ಬ್ಯಾಟರಿಯಲ್ಲಿ ನಡೆಯುವ ಚಿಕ್ಕ ಮೊನಾಕ್ಸೈಡ್ ಅಲಾರಂ ಒಂದನ್ನು ಸೀಟಿನ ಹಿಂದೆ ಇಟ್ಟು ಓಡಿಸಿ ನೋಡಿದೆ. ಅದು ಕೂಗಲಿಲ್ಲ. ಈಗಲೂ ಅಲ್ಲೇ ಇಟ್ಟಿದ್ದೇನೆ.

ಇನ್ನು ತಗಡು. ಇದಕ್ಕೆ ಇನ್‌ಫ್ರಾರೆಡ್ ಥರ್ಮಾಮೀಟರ್ ಬೇಕು, ಗುರಿಯಿಟ್ಟು ಒತ್ತಿದರೆ ದೂರದಿಂದಲೇ ಬಿಸಿ ತೋರಿಸುವಂಥದ್ದು. ಇದನ್ನು ಹೊಳೆಯುವ ಲೋಹಕ್ಕೆ ಹಿಡಿದರೆ ಸುಳ್ಳು ಹೇಳುತ್ತದೆ. ಸುಡುವ ಅಲ್ಯೂಮಿನಿಯಂ ಕೂಡ ತಣ್ಣಗಿದೆ ಅನ್ನುತ್ತದೆ. ಅಂಥ ಕಡೆ ಒಂದು ತುಂಡು ಮಾಸ್ಕಿಂಗ್ ಟೇಪ್ ಅಂಟಿಸಿ ಅದರ ಮೇಲೆ ಅಳೆಯಬೇಕು. ಕಾರ್ಪೆಟ್ ಎತ್ತಿ ಗೇರ್ ಬಾಕ್ಸ್ ಮೇಲಿನ ಡುಬ್ಬದ ಉದ್ದಕ್ಕೂ ಟೇಪಿನ ಚೂರು ಅಂಟಿಸಿ, ಒಂದೊಂದಕ್ಕೂ ನಂಬರ್ ಬರೆದೆ. ಉತ್ತರಕ್ಕೆ ಹೆದ್ದಾರಿ 17ರಲ್ಲಿ ಹೊರಟೆವು. ಬ್ಲ್ಯಾಕ್ ಕ್ಯಾನ್ಯನ್ ಸಿಟಿ ದಾಟಿದ ಮೇಲೆ ಸನ್‌ಸೆಟ್ ಪಾಯಿಂಟಿನವರೆಗೆ ಬಿಡದ ಏರು. ಎಂಜಿನ್ ಕಾಯದಂತೆ ಎಸಿ ಆಫ್ ಮಾಡಿ ಅಂತ ರಸ್ತೆ ಪಕ್ಕದಲ್ಲಿ ಬೋರ್ಡೇ ಹಾಕಿದ್ದಾರೆ. ಇಂಥ ಪರೀಕ್ಷೆಗೆ ಅದಕ್ಕಿಂತ ಒಳ್ಳೆ ರಸ್ತೆ ಇಲ್ಲ. ನಾನು ಓಡಿಸಿದೆ, ಹೆಂಡತಿ ನಂಬರ್ ಹೇಳುತ್ತಾ ಬರೆದುಕೊಂಡಳು.

ಗೇರ್ ರಾಡಿನ ಬುಡದಲ್ಲಿ 52. ಬೂಟ್ ಬದಲಿಸುವ ಮುಂಚೆ ಇದೇ ಜಾಗ 63 ಇತ್ತು. ಆದರೆ ಅಲ್ಲಿಂದ ಹಿಂದಕ್ಕೆ ಹೋದಂತೆ ಕಡಿಮೆಯಾಗುವ ಬದಲು ಒಂದು ಜಾಗದಲ್ಲಿ ಏಕ್‌ದಂ 66ಕ್ಕೆ ಏರಿತ್ತು. ಸುತ್ತ ಅಂಗೈಯಗಲ ಮಾತ್ರ. ಗೇರ್ ಬಾಕ್ಸಿನ ಬಿಸಿ ಆಗಿದ್ದರೆ ಇಷ್ಟು ಸಣ್ಣ ಜಾಗದಲ್ಲಿ ನಿಲ್ಲುವುದಿಲ್ಲ, ಹರಡುತ್ತದೆ. ಕೆಳಗೆ ಏನೋ ನೇರ ಕಾಯಿಸುತ್ತಿದೆ.

ಮನೆಗೆ ಬಂದು, ಕಾರು ತಣ್ಣಗಾದ ಮೇಲೆ ಸ್ಟ್ಯಾಂಡ್ ಕೊಟ್ಟು ಕೆಳಗೆ ನುಗ್ಗಿದೆ. ಆ ಜಾಗದ ಕೆಳಗೆ ಸರಿಯಾಗಿ ಕ್ಯಾಟಲಿಟಿಕ್ ಕನ್ವರ್ಟರ್. ಹೊಗೆಯಲ್ಲಿನ ವಿಷ ಸುಡುವ ಈ ಡಬ್ಬ ಕೆಲಸ ಮಾಡುವುದೇ ನೂರಾರು ಡಿಗ್ರಿ ಬಿಸಿಯಲ್ಲಿ. ಅದಕ್ಕೂ ನೆಲಕ್ಕೂ ನಡುವೆ ಒಂದು ತಗಡಿನ ಶೀಲ್ಡ್ ಇರಬೇಕು. ಬೋಲ್ಟಿನ ತೂತುಗಳಿದ್ದವು, ಶೀಲ್ಡ್ ಇರಲಿಲ್ಲ. ಹಳೇ ಗಾಡಿಗಳಲ್ಲಿ ಈ ಶೀಲ್ಡ್ ಸಡಿಲವಾಗಿ ಗಿಲಗಿಲ ಸದ್ದು ಮಾಡುತ್ತದೆ. ಸದ್ದು ಬೇಡ ಅಂತ ಯಾರೋ ಕಿತ್ತೆಸೆದಿದ್ದಾರೆ. ಕನ್ವರ್ಟರನ್ನೇ ತೆಗೆದು ನೇರ ಪೈಪ್ ಹಾಕಿಬಿಡು ಅಂತ ಸಲಹೆ ಕೊಡುವವರೂ ಸಿಗುತ್ತಾರೆ. ಅಮೆರಿಕದಲ್ಲಿ ಅದು ಕಾನೂನಿಗೆ ವಿರುದ್ಧ. ಅದಿರಲಿ, ಹಿಂದೆ ಬರುವವರ ಮೂಗಿಗೆ ವಿಷ ಬಿಟ್ಟು ನಾವು ತಂಪಾಗಿರುವುದು ನನಗೆ ಸರಿಬರುವುದಿಲ್ಲ.

ಗುಜರಿ ಅಂಗಳದಲ್ಲಿ ಒಂದು ಮಿಯಾಟಾ ಸಿಕ್ಕಿತು. ಅದರ ಶೀಲ್ಡ್ ಅರ್ಧ ಚೆನ್ನಾಗಿತ್ತು, ಅರ್ಧ ಬಿರುಕು. ಅದನ್ನೇ ಅಳತೆಗಿಟ್ಟುಕೊಂಡು ಅಲ್ಯೂಮಿನಿಯಂ ತಗಡಿನಲ್ಲಿ ಹೊಸದು ಕತ್ತರಿಸಿ ಬಗ್ಗಿಸಿದೆ. ಇದರಲ್ಲಿ ಮುಖ್ಯ ಆದದ್ದು ತಗಡು ಅಲ್ಲ, ಅದರ ಹಿಂದಿನ ಸಂದು. ಶೀಲ್ಡನ್ನು ನೆಲಕ್ಕೆ ಅಂಟಿಸಿಬಿಟ್ಟರೆ ಅದು ಕಾದು ನೆಲವನ್ನೂ ಕಾಯಿಸುತ್ತದೆ. ಬೋಲ್ಟಿಗೆ ದಪ್ಪ ವಾಷರ್‌ಗಳನ್ನು ಪೇರಿಸಿ ಅರ್ಧ ಇಂಚು ಜಾಗ ಬಿಟ್ಟರೆ, ಹೊಳೆಯುವ ಮೈ ಶಾಖವನ್ನು ವಾಪಸ್ ಎಸೆಯುತ್ತದೆ, ಉಳಿದದ್ದನ್ನು ನಡುವೆ ಹರಿಯುವ ಗಾಳಿ ಒಯ್ಯುತ್ತದೆ. ಬೆಳ್ಳಿ ಬಣ್ಣದ ಟೇಪನ್ನು ನೇರ ಬಿಸಿ ಲೋಹಕ್ಕೆ ಅಂಟಿಸುವವರು ದುಡ್ಡು ದಂಡ ಮಾಡುತ್ತಾರೆ. ಅದರ ಮುಂದೆ ಗಾಳಿ ಇದ್ದರೆ ಮಾತ್ರ ಅದಕ್ಕೆ ಬೆಲೆ. ಮತ್ತೆ ಅದೇ ಏರಿನಲ್ಲಿ ಅಳೆದರೆ 66 ಇದ್ದ ಜಾಗ 46ಕ್ಕೆ ಇಳಿದಿತ್ತು.

ಸಿಗ್ನಲ್ಲಿನ ಬಿಸಿಯ ಕಥೆ ಚಿಕ್ಕದು. ಬಾನೆಟ್ಟಿನ ಹಿಂದಿನ ಅಂಚಿನಲ್ಲಿ ಉದ್ದಕ್ಕೆ ಒಂದು ರಬ್ಬರ್ ಪಟ್ಟಿ ಇರುತ್ತದೆ. ಎಂಜಿನ್ ಬಿಸಿ ಹೊರಗೆ ಹೋಗಲಿ ಅಂತ ಕೆಲವರು ಅದನ್ನು ತೆಗೆಯುತ್ತಾರೆ. ನನ್ನದರಲ್ಲೂ ಇರಲಿಲ್ಲ. ಆದರೆ ಕ್ಯಾಬಿನ್ನಿಗೆ ಗಾಳಿ ಹೋಗುವ ಬಾಯಿ ಇರುವುದು ಅದರ ಹಿಂದೆಯೇ, ಗಾಜಿನ ಬುಡದಲ್ಲಿ. ನಿಂತಾಗ ಎಂಜಿನ್ನಿನ ಬಿಸಿಗಾಳಿ ಆ ಸಂದಿನಿಂದ ಎದ್ದು ಸೀದಾ ಅಲ್ಲಿಗೇ ಹೋಗುತ್ತದೆ. ಗಾಳಿಯ ಲಿವರನ್ನು ಒಳಗಿನ ಗಾಳಿಯೇ ಸುತ್ತುವ ಕಡೆ ಇಟ್ಟಾಗ ಸಿಗ್ನಲ್ಲಿನ ಬಿಸಿ ನಿಲ್ಲುತ್ತಿತ್ತು, ಅದರಿಂದಲೇ ಇದು ಗೊತ್ತಾದದ್ದು. ಹೊಸ ಪಟ್ಟಿ ಹಾಕಿದೆ, ಮುಗಿಯಿತು.

ಕೊನೆಗೆ ಗೇರ್ ಬಾಕ್ಸಿನ ಡುಬ್ಬದ ಮೇಲೆ ಮಾತ್ರ ಒಂದು ಪದರ ಇನ್ಸುಲೇಶನ್ ಹಾಕಿದೆ. ಎಲ್ಲ ಕಡೆ ಅಲ್ಲ. ಗಾಡಿಯ ತೂಕ ಸುಮ್ನೆ ಏರಿಸಲು ಮನಸ್ಸಿಲ್ಲ. ಇದು ಹಗುರ ಇರುವುದೇ ಚೆಂದ ಅಲ್ವಾ.

ಈಗಿನ ಲೆಕ್ಕ ಹೀಗಿದೆ. ವಾಲ್ವ್ ಮುಚ್ಚಿ, ಎಸಿ ಇಲ್ಲದೆ, ಹೊರಗೆ 32 ಇದ್ದಾಗ ಕಿಂಡಿಯಲ್ಲಿ 35. ಉಳಿದ ಮೂರು ಡಿಗ್ರಿ ಬಿಸಿಲಿಗೆ ಕಾದ ಡ್ಯಾಶ್‌ಬೋರ್ಡಿನದು ಮತ್ತು ಬ್ಲೋವರ್ ಮೋಟರಿನದು. ಅದಕ್ಕೆ ನನ್ನ ತಕರಾರಿಲ್ಲ. ಎಸಿ ಹಾಕಿದರೆ 19 ಇದ್ದದ್ದು 9ಕ್ಕೆ ಬಂದಿದೆ. ಅದೇ ಹಳೇ ಕಂಪ್ರೆಸರ್, ಒಂದು ಚೂರು ಗ್ಯಾಸ್ ಕೂಡ ತುಂಬಿಲ್ಲ. ಅಪ್ಪನಿಗೆ ನಂಬರ್ ಕಳಿಸಿದೆ. "ಆ ಬೂಟು ಎರಡು ವರ್ಷಕ್ಕೊಮ್ಮೆ ತೆಗೆದು ನೋಡ್ತಿರು ಮಗಾ" ಅಂತ ವಾಯ್ಸ್ ಮೆಸೇಜ್ ಬಂತು. ಹೆಂಡತಿ ಪೇಸನ್‌ಗೆ ಹೋಗುವ ಬೆಟ್ಟದ ರಸ್ತೆಯಲ್ಲಿ ಪೂರ್ತಿ ಅವಳೇ ಓಡಿಸಿದಳು.

ಬಾಕಿ ಇರುವುದು ಫ್ಲಾಪಿನ ಫೋಮು. ವಾಲ್ವ್ ತೆರೆದಿರುವ ಚಳಿಗಾಲದಲ್ಲಿ, ಮಧ್ಯಾಹ್ನ ಬಿಸಿಲೇರಿದಾಗ, ಅದರ ಸೋರಿಕೆ ಗೊತ್ತಾಗುತ್ತದೆ. ಹೀಟರ್ ಕೋರ್‌ಗೂ (ಹೀಟರಿನೊಳಗೆ ಬಿಸಿ ನೀರು ಹರಿಯುವ ಭಾಗ) ಮೂವತ್ತು ದಾಟಿದೆ, ಅದು ಎಂದಾದರೂ ಸೋರಲೇಬೇಕು. ಆಗ ಡ್ಯಾಶ್‌ಬೋರ್ಡ್ ಬಿಚ್ಚದೆ ವಿಧಿಯಿಲ್ಲ. ಫೋಮು, ಕೋರು, ಎಸಿ ಪೈಪಿನ ಓ-ರಿಂಗ್‌ಗಳು, ಎಲ್ಲವನ್ನೂ ಒಟ್ಟಿಗೆ ಮಾಡುವುದು ಅಂತ ಇಟ್ಟುಕೊಂಡಿದ್ದೇನೆ. ಮುರಿಯುವ ಪ್ಲಾಸ್ಟಿಕ್ ಕ್ಲಿಪ್ಪುಗಳನ್ನು ಗುಜರಿಗೆ ಹೋದಾಗಲೆಲ್ಲ ಒಂದೆರಡು ತಂದು ಡಬ್ಬಿಯಲ್ಲಿ ಹಾಕುತ್ತಿದ್ದೇನೆ.